ಕಾಸರವಳ್ಳಿಯವರ ಎಲ್ಲ ಸಿನಿಮಾ ಯಾಕೆ? ಮೂರು ಸಾಕು

ಕಲಬುರಗಿಯಲ್ಲಿ ಕೂತು ನೀವು ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ಸಮಗ್ರ ಸಿನಿಮಾಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೀರಿ, ವಿಷಯ ಸ್ತ್ರೀ ಸಂವೇದನೆ, ಅರ್ಧ ಸಿನಿಮಾ ಕೈಗೆ ಸಿಗುತ್ತಿಲ್ಲ. ಅಲ್ವಾ? ನಾನೂ ಇದೇ ಊರಲ್ಲಿ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನನ್ನದು ಕನ್ನಡ ಎಂ.ಎ. ಸಿನಿಮಾ ನೋಡೋದು ಹೇಗೆ ಅಂತ ಯಾರೂ ಕಲಿಸಿರಲಿಲ್ಲ. ಕಾಸರವಳ್ಳಿಯವರ ಹೆಚ್ಚಿನ ಸಿನಿಮಾಗಳ ಹಿಂದೆ ಒಂದು ಕತೆಯೋ ಕಾದಂಬರಿಯೋ ಇರುತ್ತದೆ. 'ಘಟಶ್ರಾದ್ಧ' ಅನಂತಮೂರ್ತಿಯವರದು, 'ತಬರನ ಕಥೆ' ತೇಜಸ್ವಿಯವರದು, 'ದ್ವೀಪ' ನಾ. ಡಿಸೋಜ ಅವರದು. ಪುಸ್ತಕ ಲೈಬ್ರರಿಯಲ್ಲಿತ್ತು, ಸಿನಿಮಾ ಇರಲಿಲ್ಲ. ಪುಸ್ತಕ ಓದಿ, ಪತ್ರಿಕೆಯ ನಾಲ್ಕು ವಿಮರ್ಶೆ ಸೇರಿಸಿ ಅಧ್ಯಾಯ ಬರೆದೆ. ಗೈಡ್ ಸಹಿ ಹಾಕಿದರು. ಡಿಟಿಪಿ ಆಯ್ತು, ಬೈಂಡಿಂಗೂ ಆಯ್ತು.

ಸಿಕ್ಕಿಬಿದ್ದಿದ್ದು 'ಗುಲಾಬಿ ಟಾಕೀಸ್'ನಲ್ಲಿ. ವೈದೇಹಿಯವರ ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ನಾನು ಅದನ್ನೇ ಹಿಡಿದು, ಟಾಕೀಸಿನ ಕತ್ತಲಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕ ಬಿಡುಗಡೆ ಅಂತ ಪುಟಗಟ್ಟಲೆ ಕೊರೆದಿದ್ದೆ. 2008ರ ಸಿನಿಮಾದಲ್ಲಿ ನಾಯಕಿ ಗುಲಾಬಿ, ಟಾಕೀಸಿಗೆ ಓಡುತ್ತಾಳೆ ನಿಜ. ಆದರೆ ಊರಿನ ಹೆಂಗಸರು ಸೇರೋದು ಅವಳ ಮನೆಯಲ್ಲಿ, ಟಿವಿ ಮುಂದೆ. ಇದು ಬರೀ ಮಾಹಿತಿ ತಪ್ಪು ಅಂದ್ಕೋಬೇಡಿ. ಟಾಕೀಸಿನಲ್ಲಿ ಟಿಕೆಟ್ ಕೊಟ್ಟರೆ ಸೀಟು ನಿಮ್ಮದು, ಪಕ್ಕದಲ್ಲಿ ಯಾರಿದ್ದರೂ ನಡೆಯುತ್ತದೆ. ಇಲ್ಲಿ ಮುಸ್ಲಿಂ ಸೂಲಗಿತ್ತಿಯಾದ ಗುಲಾಬಿಯ ಹೊಸ್ತಿಲು ದಾಟಬೇಕು. ಕೆಲವರು ಒಳಗೆ ಬಂದು ಕೂರುತ್ತಾರೆ. ಕೆಲವರು ಹೊರಗೇ ನಿಂತು ಟಿವಿ ನೋಡುತ್ತಾರೆ. ಕೆಲವರು ಆ ಕಡೆ ಬರೋದೇ ಇಲ್ಲ. ಆಮೇಲೆ ಕಾರ್ಗಿಲ್ ಯುದ್ಧದ ಹೊತ್ತಿಗೆ ಊರು ಹೇಗೆ ಒಡೆಯುತ್ತದೆ ಅನ್ನೋದು, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದರಲ್ಲೇ ಮೊದಲೇ ಇದೆ. ಅಷ್ಟನ್ನೂ ಬಿಟ್ಟು ನಾನು ಇಲ್ಲದ ಕತ್ತಲನ್ನು ಹೊಗಳಿದ್ದೆ. ಪರೀಕ್ಷಕರು ಥೀಸಿಸ್ ವಾಪಸ್ ಕಳಿಸಿದರು. ಆ ಸಲ ಕರೆದಿದ್ದ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕೋಕೂ ಆಗಲಿಲ್ಲ.

ಆಮೇಲೆ ನೆಟ್ಟಗೆ ಕೂತು ನೋಡಿದ್ದು 'ಕನಸೆಂಬೋ ಕುದುರೆಯನೇರಿ'. ಅಮರೇಶ ನುಗಡೋಣಿಯವರ ಕತೆ. ಸತ್ತವರಿಗೆ ಕುಣಿ ತೋಡುವ ಈರ್ಯ ಆಗಿರೋದು ನಮ್ಮ ಭಾಲ್ಕಿ ಕಡೆಯ ವೈಜನಾಥ ಬಿರಾದಾರ. ಕುಡುಕ, ಭಿಕ್ಷುಕನ ವೇಷದಲ್ಲಿ ನಮ್ಮನ್ನು ನಗಿಸಿದ ಮುಖ ಅದು. ಇಲ್ಲಿ ನಗು ಬರೋದಿಲ್ಲ. ಕನಸಿನಲ್ಲಿ ಸಿದ್ಧ ಅನ್ನೋ ಸಾಧು ಬಂದರೆ ಯಾರೋ ಸತ್ತಿದ್ದಾರೆ ಅಂತ ಅವನ ನಂಬಿಕೆ. ಗೌಡರ ಮನೆಗೆ ಹೋದರೆ ಯಾರೂ ಸತ್ತಿಲ್ಲ ಅಂತ ಓಡಿಸುತ್ತಾರೆ. ಸಿನಿಮಾ ಅದೇ ಘಟನೆಯನ್ನು ಮತ್ತೆ ಒಳಗಿನಿಂದ ತೋರಿಸುತ್ತದೆ. ಸಾವನ್ನು ಮುಚ್ಚಿಟ್ಟಿದ್ದಾರೆ. ಈರ್ಯನ ಕನಸು ಸುಳ್ಳಾಗಿರಲಿಲ್ಲ. ಎರಡು ಸಲವೂ ಕ್ಯಾಮೆರಾ ಬಾಗಿಲಿನ ಯಾವ ಕಡೆ ಇದೆ ಅಂತ ಬರೆದಿಟ್ಟುಕೊಳ್ಳಿ, ಒಂದು ಅಧ್ಯಾಯ ಸಿಗುತ್ತದೆ.

ಸ್ತ್ರೀ ಸಂವೇದನೆ ಬಿಡಿ ಅಂತಲೇ ನಾನು ಹೇಳೋದು. ಸಿನಿಮಾ ನೋಡದೆಯೂ ಬರೆಯಬಹುದಾದ ವಿಷಯ ಅದು. ನಾನೇ ಬರೆದಿದ್ದೆನಲ್ಲ! ಮೇಲಿನ ಎರಡರ ಜೊತೆ 1986ರ 'ತಬರನ ಕಥೆ' ಇಟ್ಟುಕೊಳ್ಳಿ. ಪಿಂಚಣಿಗಾಗಿ ತಬರ ಕಚೇರಿ ಬಾಗಿಲು ಕಾಯುತ್ತಾನೆ, ಈರ್ಯ ಗೌಡರ ಬಾಗಿಲು ಕಾಯುತ್ತಾನೆ, ಗುಲಾಬಿ ತನ್ನ ಬಾಗಿಲು ಎಲ್ಲರಿಗೂ ತೆಗೆದು ಕೊನೆಗೆ ತಾನೇ ಮನೆ ಬಿಟ್ಟು ಹೋಗಬೇಕಾಗುತ್ತದೆ. ಈ ಮೂರರಲ್ಲಿ ಬೇಕಾದಷ್ಟು ಕೆಲಸ ಇದೆ. ಸಿಗದ ಸಿನಿಮಾ ಹುಡುಕುತ್ತಾ ಬೆಂಗಳೂರು, ಪುಣೆ ಅಂತ ಸುಮ್ನೆ ಅಲೆಯಬೇಡಿ. ನಿರ್ದೇಶಕರ ಸಂದರ್ಶನವೂ ಈಗಲೇ ಬೇಡ. ಅವರು ಹೇಳಿದ್ದೇ ನಿಮ್ಮ ಅಧ್ಯಾಯ ಆಗಿಬಿಡುತ್ತದೆ.

ಸಿನಾಪ್ಸಿಸ್, ಅಂದ್ರೆ ಸಂಶೋಧನೆಯ ರೂಪರೇಷೆ, ಇನ್ನೂ ಕೊಟ್ಟಿಲ್ಲ ಅಂದ್ರೆ, ಶೀರ್ಷಿಕೆಯಿಂದ 'ಸಮಗ್ರ' ಇವತ್ತೇ ತೆಗೆಯಿರಿ. ಒಮ್ಮೆ ನೋಂದಣಿ ಆದಮೇಲೆ ಅದನ್ನು ತೆಗೆಸೋಕೆ ಕಮಿಟಿ ಮುಂದೆ ನಿಲ್ಲಬೇಕು.