ನೋಟ್ಸ್ ಹಂಚುವ ಮುನ್ನ ಪರವಾನಗಿಯ ಒಂದು ಸಾಲು

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬಾದಾಮಿ ಚಾಲುಕ್ಯರ ಕುರಿತು ನಲವತ್ತು ಪುಟಗಳ ನೋಟ್ಸ್ ಸಿದ್ಧಪಡಿಸಿ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದೆ. ಟ್ಯೂಷನ್ ಕೇಂದ್ರವೊಂದು ನನ್ನ ಹೆಸರು ಅಳಿಸಿ ಅದನ್ನೇ ಮುದ್ರಿಸಿ ಮಾರುತ್ತಿದೆ. ಮುಕ್ತ ಪರವಾನಗಿ ಹಾಕಿದರೆ ಇದು ನಿಲ್ಲುತ್ತದೆಯೇ, ಹೆಚ್ಚುತ್ತದೆಯೇ? ಮಾರಾಟ ನಿಷೇಧಿಸುವ ಪರವಾನಗಿಯೇ ಒಳ್ಳೆಯದೆಂದು ಸಹೋದ್ಯೋಗಿಗಳು ಹೇಳುತ್ತಾರೆ.
— ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಉತ್ತರ: ಗುಂಪಿನಲ್ಲಿ ಹಾಕಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ; ನೋಂದಣಿ ಕಡ್ಡಾಯವಲ್ಲ; ಲೇಖಕರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಅದು ಉಳಿಯುತ್ತದೆ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಜಮಖಂಡಿಯ ಶಿಕ್ಷಕರೊಬ್ಬರು ನಿಮ್ಮ ನೋಟ್ಸನ್ನು ತರಗತಿಯಲ್ಲಿ ಪಾಠಕ್ಕೆ ಬಳಸಲು ಕಾಯ್ದೆಯ 52ನೆಯ ಸೆಕ್ಷನ್ನಿನಲ್ಲಿ ಅವಕಾಶವಿದೆ, ಆದರೆ ಅದನ್ನು ತಿದ್ದಿ, ಎರಡು ಪ್ರಶ್ನೆ ಸೇರಿಸಿ ಎಲ್ಲರಿಗೂ ಹಂಚಲು ನಿಮ್ಮ ಅನುಮತಿ ಬೇಕು. ಪ್ರತಿಯೊಬ್ಬರೂ ನಿಮಗೆ ಫೋನ್ ಮಾಡಿ ಕೇಳುವ ಬದಲು ಆ ಅನುಮತಿಯನ್ನು ಮೊದಲೇ ಷರತ್ತುಸಹಿತ ಬರೆದಿಡುವುದೇ ಮುಕ್ತ ಪರವಾನಗಿ.

ಅದಕ್ಕೂ ಮೊದಲು ಆ ಹಕ್ಕು ನಿಮ್ಮದೇ ಎಂಬುದು ಖಚಿತವಾಗಬೇಕು. ಉದ್ಯೋಗದ ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರೇ ಮೊದಲ ಒಡೆಯರು. ಸ್ವಂತ ಆಸಕ್ತಿಯಿಂದ ಮನೆಯಲ್ಲಿ ಕುಳಿತು ಬರೆದಿದ್ದರೂ ಆಡಳಿತ ಮಂಡಳಿಯಿಂದ ಒಂದು ಒಪ್ಪಿಗೆ ಪತ್ರ ಪಡೆದಿಡಿ.

ಇನ್ನು ಮಾರಾಟ ನಿಷೇಧದ ವಿಷಯ. ಮುಕ್ತ ಪರವಾನಗಿಗಳನ್ನು ಸಿದ್ಧರೂಪದಲ್ಲಿ ಒದಗಿಸುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಆರು ಪರವಾನಗಿಗಳಲ್ಲಿ ‘ನಾನ್‌ಕಮರ್ಷಿಯಲ್’ ಎಂಬ, ವಾಣಿಜ್ಯ ಬಳಕೆಯನ್ನು ತಡೆಯುವ ಷರತ್ತು ನಮ್ಮ ಶಿಕ್ಷಕರಿಗೆ ಬಹಳ ಪ್ರಿಯ. ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ವಾಣಿಜ್ಯ ಬಳಕೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗೆರೆ ಮಸುಕಾಗಿದೆ. ಶಾಲೆ ಹೇಳಿದ್ದಕ್ಕೆ ದುಡ್ಡು ಪಡೆದು ಝೆರಾಕ್ಸ್ ಮಾಡಿಕೊಟ್ಟ ಅಂಗಡಿಯವರು ಈ ಷರತ್ತು ಮುರಿದರೇ ಎಂಬ ಪ್ರಶ್ನೆಯೇ ಅಮೆರಿಕದಲ್ಲಿ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ, ಮುರಿದಿಲ್ಲವೆಂದು 2018ರಲ್ಲಿ ತೀರ್ಪಾಯಿತು. ಅಲ್ಲದೆ ಈ ಷರತ್ತಿರುವ ಬರಹವನ್ನು ಕನ್ನಡ ವಿಕಿಪೀಡಿಯಕ್ಕೆ ಸೇರಿಸಲು ಬರುವುದಿಲ್ಲ. ‘ನೋ ಡೆರಿವೇಟಿವ್ಸ್’ ಎಂಬ, ಬದಲಾವಣೆಯನ್ನು ತಡೆಯುವ ಷರತ್ತಂತೂ ನಮ್ಮ ಭಾಗಕ್ಕೆ ಹೊಂದುವುದೇ ಇಲ್ಲ: ಅನುವಾದವೂ ಬದಲಾವಣೆಯೇ ಆದ್ದರಿಂದ ಬೆಳಗಾವಿಯ ಮರಾಠಿ ಮಾಧ್ಯಮದ ಶಿಕ್ಷಕರು ನಿಮ್ಮ ನೋಟ್ಸನ್ನು ಮರಾಠಿಗೆ ತಂದು ಹಂಚುವಂತಿಲ್ಲ.

ನಿಮ್ಮ ಪತ್ರ ಓದಿದರೆ ಅವರು ಮಾರಿದ್ದಕ್ಕಿಂತ ಹೆಸರು ಅಳಿಸಿದ್ದೇ ನಿಮಗೆ ಹೆಚ್ಚು ನೋವು ತಂದಂತಿದೆ. ಹಾಗಿದ್ದಲ್ಲಿ ಆ ಆರರಲ್ಲೊಂದಾದ ‘ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0’ ಪರವಾನಗಿ ಸಾಕು. ಬಳಸುವವರು ನಿಮ್ಮ ಹೆಸರು ಹೇಳಬೇಕು, ತಿದ್ದಿದ್ದರೆ ತಿದ್ದಿದ್ದೇವೆ ಎನ್ನಬೇಕು, ತಿದ್ದಿದ ಪ್ರತಿಯನ್ನೂ ಇದೇ ಪರವಾನಗಿಯಡಿ ಬಿಡಬೇಕು. ಮಾರಲು ಅಡ್ಡಿಯಿಲ್ಲ, ಆದರೆ ಕೊಂಡ ಮೊದಲ ವಿದ್ಯಾರ್ಥಿಯೇ ಅದನ್ನು ಪುಕ್ಕಟೆ ಹಂಚಬಹುದಾದ್ದರಿಂದ ಆ ವ್ಯಾಪಾರದಲ್ಲಿ ಲಾಭ ಅಷ್ಟಕ್ಕಷ್ಟೇ.

ಚಿತ್ರಗಳ ಬಗ್ಗೆ ನೀವು ಏನೂ ಬರೆದಿಲ್ಲ. ನಲವತ್ತು ಪುಟದಲ್ಲಿ ಚಿತ್ರವಿಲ್ಲದೆ ಇರಲಾರದು. ಬಾದಾಮಿಯ ಮೂರನೆಯ ಗುಹೆಯ ಕ್ರಿ.ಶ. 578ರ ಶಾಸನಕ್ಕೆ ಇಂದು ಕೃತಿಸ್ವಾಮ್ಯವಿಲ್ಲ, ಆದರೆ ಕಳೆದ ವರ್ಷ ಯಾರೋ ತೆಗೆದ ಅದರ ಫೋಟೊಗೆ ಇದೆ. ಗೂಗಲ್‌ನಲ್ಲಿ ಸಿಕ್ಕಿತೆಂದರೆ ಮುಕ್ತವೆಂದಲ್ಲ. ಸರ್ಕಾರಿ ಪಠ್ಯಪುಸ್ತಕದ ಪಿಡಿಎಫ್ ಪುಕ್ಕಟೆ ಸಿಕ್ಕರೂ ಅದರ ನಕ್ಷೆಯನ್ನು ನಿಮ್ಮ ಪರವಾನಗಿಯಡಿ ಹಂಚುವ ಅಧಿಕಾರ ನಿಮಗೆ ಬರುವುದಿಲ್ಲ. ಗುಹೆಗಳು ನಿಮ್ಮ ತಾಲ್ಲೂಕಿನಲ್ಲೇ ಇರುವಾಗ ಒಂದು ಭಾನುವಾರ ಹೋಗಿ ಮೊಬೈಲಿನಲ್ಲೇ ಫೋಟೊ ತೆಗೆದುಕೊಂಡು ಬನ್ನಿ. ಈ ಶುದ್ಧೀಕರಣ ಮೊದಲೇ ಮುಗಿಯಬೇಕು, ಏಕೆಂದರೆ ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು.

ಬಳಿಕ ಮೊದಲ ಪುಟದ ಕೆಳಗೆ ಹೀಗೆ ಬರೆಯಿರಿ: ‘ಬಾದಾಮಿ ಚಾಲುಕ್ಯರು: ಪ್ರೌಢಶಾಲಾ ಟಿಪ್ಪಣಿ. ರಚನೆ: (ನಿಮ್ಮ ಹೆಸರು). ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0 ಪರವಾನಗಿಯಡಿ ಲಭ್ಯ.’ ಜೊತೆಗೆ ಪರವಾನಗಿಯ ಕೊಂಡಿ ಇರಲಿ. ಇದೇ ಸಾಲನ್ನು ಪ್ರತಿ ಪುಟದ ಅಡಿಯಲ್ಲೂ ಚಿಕ್ಕ ಅಕ್ಷರದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು, ಮೊದಲ ಪುಟ ಹರಿದು ಹೋಗುವುದು ನಮ್ಮಲ್ಲಿ ಹೊಸದೇನಲ್ಲ.

ಟ್ಯೂಷನ್ ಕೇಂದ್ರದವರು ಈವರೆಗೆ ಮಾಡಿದ್ದು ಅನುಮತಿಯಿಲ್ಲದ ಮುದ್ರಣ. ಹೊಸ ಪರವಾನಗಿ ಅದನ್ನು ಸಕ್ರಮಗೊಳಿಸದು. ಕರ್ತೃತ್ವ ತನ್ನದೆಂದು ಸಾಧಿಸುವ ಹಕ್ಕನ್ನು ಕಾಯ್ದೆಯ 57ನೆಯ ಸೆಕ್ಷನ್ ಲೇಖಕರಿಗೆ ಪ್ರತ್ಯೇಕವಾಗಿಯೇ ಕೊಟ್ಟಿದೆ. ಆ ಸೆಕ್ಷನ್ನನ್ನು ಹೆಸರಿಸಿ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆಯಿರಿ. ಗುಂಪಿನಲ್ಲಿ ಹಾಕಿದ ದಿನದ ಸಂದೇಶದ ಸ್ಕ್ರೀನ್‌ಶಾಟ್ ಲಗತ್ತಿಸಿ. ಇನ್ನು ಮುಂದೆ ನಿಮ್ಮ ಹೆಸರು ಮತ್ತು ಪರವಾನಗಿಯ ಸಾಲಿನೊಂದಿಗೆ ಮುದ್ರಿಸಬಹುದೆಂದೂ ತಿಳಿಸಿ. ಪರವಾನಗಿ ಬಂದ ಮೇಲೂ ಹೆಸರು ಬಿಟ್ಟರೆ ಅವರ ಅನುಮತಿ ತಾನಾಗಿಯೇ ರದ್ದಾಗುತ್ತದೆ. ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಮಾತ್ರ ಅದು ತಾನಾಗಿ ಮರಳುತ್ತದೆ.