'ಅಮ್ಮೆ' ಅಂದ್ರೆ ಅಪ್ಪನಾ?

ಪ್ರಶ್ನೆ: ಮಗಳನ್ನು ಮಂಗಳೂರಿಗೆ ಕೊಟ್ಟಿದ್ದೇವೆ. ಬೀಗರ ಮನೆಯಲ್ಲಿ ತುಳು. ತಾಯಿಗೆ 'ಅಪ್ಪೆ', ತಂದೆಗೆ 'ಅಮ್ಮೆರ್' ಅಂತಾರೆ! ಎಲ್ಲಾ ಕಡೆ ಅಮ್ಮ, ಮಾ, ಮಮ್ಮಿ ಇರುವಾಗ ಇಲ್ಲಿ ಮಾತ್ರ ಯಾಕೆ ಉಲ್ಟಾ? ಇವೆಲ್ಲ ಸಂಸ್ಕೃತದಿಂದ ಬಂದದ್ದಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲ ಸಲ ಕೇಳಿದಾಗ ಯಾರನ್ನು ಕರೀತಿದ್ದಾರೆ ಅಂತ ತಿರುಗಿ ನೋಡಿರ್ತೀರಿ, ಬಿಡಿ. ಸಂಸ್ಕೃತದ ಮಾತೃ, ಲ್ಯಾಟಿನ್ನಿನ ಮಾತೆರ್, ಇಂಗ್ಲಿಷಿನ ಮದರ್ ಒಂದೇ ಬಳ್ಳಿಯ ಕಾಯಿಗಳು, ಅದು ನಿಜ. ಆದರೆ ನಮ್ಮ ಅಮ್ಮ, ಅರಬ್ಬಿಯ ಉಮ್ಮ್, ಚೀನಿಯರ ಮಾ, ಯುರೋಪಿನ ಬಾಸ್ಕ್ ಜನರ ಅಮ ಆ ಬಳ್ಳಿಯವಲ್ಲ. ಇವನ್ನೆಲ್ಲ ಹುಟ್ಟಿಸಿದ್ದು ಕೂಸಿನ ಬಾಯಿ.

ಹಾಲು ಕುಡಿಯುವ ಕೂಸನ್ನು ಹತ್ತಿರದಿಂದ ನೋಡಿ. ಬಾಯಿ ತುಂಬಾ ಮೊಲೆ, ತುಟಿ ಬಿಗಿ, ದನಿ ಹೊರಗೆ ಬರಬೇಕಾದರೆ ಮೂಗೊಂದೇ ದಾರಿ, ಹಾಗಾಗಿ ನಮಗೆ ಕೇಳೋದು 'ಮ್ ಮ್'. ಆಮೇಲೆ ಹಸಿವಾದಾಗ, ಊಟ ಕಂಡಾಗಲೂ ಅದೇ ದನಿ ಬರುತ್ತೆ ಅಂತ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ವಿವರಿಸಿದ್ದರು. ನಾವೂ ಅನ್ನ ಕಲಸಿಕೊಂಡು 'ಮಮ್ಮು ತಿನ್ನು ಬಾ' ಅಂತ ಕರೀತೀವಲ್ಲ! ಪಾಪ, ಮಗು ಕೇಳಿದ್ದು ಊಟ. ತಾಯಿ 'ನನ್ನನ್ನೇ ಕರೀತು' ಅಂತ ಓಡಿ ಬಂದಳು, ಹೆಸರು ಅವಳಿಗೇ ಅಂಟಿಕೊಂಡಿತು.

ಹಾಗಂತ ಇದು ನೂರಕ್ಕೆ ನೂರು ನಿಯಮವಲ್ಲ. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಬೇರೆ ಬೇರೆ ಭಾಷೆಗಳಿಂದ ಅಪ್ಪ-ಅಮ್ಮನ 1072 ಪದ ಒಟ್ಟು ಮಾಡಿದ್ದರು. ಅದರಲ್ಲಿ ಮ, ನ ಥರದ ಮೂಗಿನ ದನಿ ಇದ್ದದ್ದು ತಾಯಿಯ ಪದಗಳಲ್ಲಿ ನೂರಕ್ಕೆ 55, ತಂದೆಯ ಪದಗಳಲ್ಲಿ 15. ಆ ಹದಿನೈದರ ಗುಂಪಿಗೆ ಸೇರುವಂಥದ್ದು ನಿಮ್ಮ ಬೀಗರ 'ಅಮ್ಮೆ'. ದನಿ ಮಗುವಿನದು, ಅದು ಯಾರ ಹೆಸರು ಅಂತ ತೀರ್ಮಾನ ಮಾಡೋದು ಮನೆಯ ದೊಡ್ಡವರು ನೋಡಿ.

ತುಳು ಒಂಟಿಯೂ ಅಲ್ಲ. ಕಪ್ಪು ಸಮುದ್ರದ ಪಕ್ಕದ ಜಾರ್ಜಿಯಾ ದೇಶದಲ್ಲಿ 'ಮಾಮ' ಅಂದರೆ ಅಪ್ಪ, 'ದೆದ' ಅಂದರೆ ಅಮ್ಮ. ತುಳುವರು ತಾಯ್ನುಡಿಗೆ 'ಅಪ್ಪೆ ಬಾಸೆ' ಅಂದ ಹಾಗೆ ಅವರು 'ದೆದ ಎನ' ಅಂತಾರೆ.

ಪ್ರಶ್ನೆ: ಮಕ್ಕಳ 'ಮಮ್ಮಿ'ಗೂ ಈಜಿಪ್ಟಿನ 'ಮಮ್ಮಿ'ಗೂ ಏನಾದರೂ ಸಂಬಂಧ ಇದೆಯಾ?
– ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ಇಲ್ಲ ಸ್ವಾಮಿ. ಈಜಿಪ್ಟಿನ 'ಮಮ್ಮಿ', ಅಂದರೆ ಕೆಡದಂತೆ ಕಾಪಾಡಿಟ್ಟ ಹೆಣದ ಹೆಸರು, ಅರಬ್ಬಿಯ 'ಮೂಮಿಯಾ' ಪದದಿಂದ ಬಂದದ್ದು, ಅದರ ಹಿಂದೆ ಇರೋದು ಪಾರ್ಸಿಯ 'ಮೂಮ್', ಅಂದರೆ ಮೇಣ. ಮನೆಯ ಮಮ್ಮಿಗೆ ಇದನ್ನು ಹೇಳಿ ಸಮಾಧಾನ ಮಾಡಬಹುದು.