ಓದುಗರ ಪ್ರಶ್ನೆ: ಪಕ್ಷ ಮೊದಲೋ, ಪಂಚಾಯಿತಿ ಮೊದಲೋ?

ಪ್ರಶ್ನೆ: ಎಲ್ಲ ಪಕ್ಷಗಳ ಆಡಳಿತ ನೋಡಿದ್ದಾಯಿತು, ಮಹದಾಯಿ ನೀರು ಮಾತ್ರ ಬರಲಿಲ್ಲ. ರೈತರ ಮಕ್ಕಳು ನಲವತ್ತು ಮಂದಿ ಸೇರಿ ಹೊಸ ಪಕ್ಷ ಕಟ್ಟಿ ವಿಧಾನಸಭೆಗೆ ನಿಲ್ಲಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ನರಗುಂದ ತಾಲ್ಲೂಕು

ಉತ್ತರ: ನೋಂದಣಿಗೆ ನಲವತ್ತು ಮಂದಿ ಸಾಲದು. ಮತದಾರರ ಪಟ್ಟಿಯಲ್ಲಿರುವ, ಬೇರೆ ಪಕ್ಷದಲ್ಲಿಲ್ಲದ ಕನಿಷ್ಠ 100 ಸದಸ್ಯರ ಅಫಿಡವಿಟ್ ಬೇಕು. ಪಕ್ಷ ಸ್ಥಾಪಿಸಿದ 30 ದಿನದೊಳಗೆ 10,000 ರೂಪಾಯಿ ಶುಲ್ಕದೊಂದಿಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು. ಇಷ್ಟು ಮಾಡಿದರೂ ಮಾನ್ಯತೆ ಸಿಗುವವರೆಗೆ ನಿಮ್ಮದೇ ಆದ ಖಾಯಂ ಚಿಹ್ನೆ ಇರುವುದಿಲ್ಲ. ಆದ್ದರಿಂದ ಮೊದಲ ವರ್ಷದ ಶ್ರಮವನ್ನು ಇದಕ್ಕೆ ಸುರಿಯಬೇಡಿ.

ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದು, ನಿಮ್ಮಲ್ಲಿ ಗೋಲಿಬಾರ್ ಆದದ್ದು 1980ರ ಜುಲೈ 21ರಂದು. ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದದ್ದು 1989ರಲ್ಲಿ. ನಡುವಿನ ಒಂಬತ್ತು ವರ್ಷ ಊರೂರು ತಿರುಗಿ ಸಂಘ ಕಟ್ಟಿದ ಕಾಲ.

ಗ್ರಾಮ ಪಂಚಾಯಿತಿಯಿಂದ ಶುರು ಮಾಡಿ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಓಣಿಯ ಮನೆಮನೆ ತಿರುಗಿದರೆ ಗೆಲ್ಲಬಹುದು. ಗೆದ್ದ ಮೇಲೆ ಆರು ತಿಂಗಳಿಗೊಮ್ಮೆ ಕಡ್ಡಾಯವಾದ ಗ್ರಾಮಸಭೆಯನ್ನು ನಿಜವಾಗಿ ನಡೆಸಿ. ಫಲಾನುಭವಿಗಳ ಪಟ್ಟಿಯನ್ನು ಸಭೆಯಲ್ಲೇ ಓದಿಸಿ, ಠರಾವನ್ನು ಅಲ್ಲೇ ಬರೆಸಿ, ಸಹಿ ಮಾಡಿಸಿ. ಆಫೀಸಿಗೆ ಹೋಗಿ ಬರೆದುಕೊಳ್ಳುತ್ತೇವೆ ಎಂದರೆ ಒಪ್ಪಲೇಬೇಡಿ, ಹೆಸರುಗಳು ಬದಲಾಗುವುದು ಆಗಲೇ. ಊರು ನಿಮ್ಮನ್ನು ನಂಬುವುದೂ ಈ ಒಂದು ಕೆಲಸದಿಂದಲೇ.

ವಿಧಾನಸಭೆಗೆ ನಿಂತಾಗ ಪಕ್ಷೇತರರಿಗೂ ಮಾನ್ಯತೆ ಇಲ್ಲದ ಪಕ್ಷದವರಿಗೂ ಅದೇ ಕ್ಷೇತ್ರದ 10 ಸೂಚಕರು, ಅಂದರೆ ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಮತದಾರರು ಬೇಕು. ಅವರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಹೊಸ ಮತದಾರರ ಪಟ್ಟಿ ನೋಡಿಯೇ ಬರೆಯಿರಿ. ಹೆಬ್ಬೆಟ್ಟು ಒತ್ತುವ ಸೂಚಕರು ಚುನಾವಣಾಧಿಕಾರಿ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಎದುರೇ ಒತ್ತಬೇಕು, ಮನೆಯಲ್ಲಿ ಒತ್ತಿಸಿ ತಂದರೆ ನಡೆಯುವುದಿಲ್ಲ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲಿ ಯಾವ ಕಲಮನ್ನೂ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ. ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕಿಂತ ಕನಿಷ್ಠ ಒಂದು ದಿನ ಮೊದಲು ತೆರೆಯಿರಿ. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ದಾಟದಿದ್ದರೆ ಅದು ಹೋಯಿತು.

ಹೊಸಬರು ಸೋಲುವುದು ಹೆಚ್ಚಾಗಿ ಮತಗಟ್ಟೆಯಲ್ಲಿ. ಪ್ರತಿ ಮತಗಟ್ಟೆಗೂ ಒಬ್ಬ ಏಜೆಂಟ್ ಬೇಕು. ಮತದಾನಕ್ಕೆ ಮುನ್ನ ಕನಿಷ್ಠ 50 ಮತಗಳ ಅಣಕು ಮತದಾನ ನೋಡಬೇಕು, ಸಂಜೆ ನಮೂನೆ 17ಸಿ, ಅಂದರೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆಯ ಪ್ರತಿ ಕೈಗೆ ಬರುವವರೆಗೆ ಕುರ್ಚಿ ಬಿಡಬಾರದು. ಎಣಿಕೆಯ ದಿನ ಯಂತ್ರದ ಒಟ್ಟು ಮತವನ್ನು ತಾಳೆ ನೋಡಲು ನಿಮ್ಮ ಕೈಯಲ್ಲಿರುವುದು ಆ ಹಾಳೆಯೇ.